ಅಕ್ಕ ಕೊಂಡ ಗಾಳಿಬಟ್ಟಲು

ನನ್ನ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರಿಗೆ ನನ್ನ ಕೋಪ ಗೊತ್ತಿಲ್ಲ. ಅವಳದ್ದು ಬಂದಷ್ಟೇ ಬೇಗ ಇಳಿಯುತ್ತದೆ. ನನ್ನದು ಒಳಗೇ ಕುದಿಯುವ ಜಾತಿಯದು. ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಎದ್ದು ಮನೆ ಸೇರಿರುತ್ತಾರೆ. ಹಾಗಾಗಿ ಅಕ್ಕನ ಕತೆ ನಾನು ಹೇಳಿದರೆ ಅದರಲ್ಲಿ ನನ್ನ ಸಿಟ್ಟೂ ಸೇರಿಕೊಳ್ಳುತ್ತದೆ. ಸೇರಲಿ.

ನಮ್ಮದು ಶಾಮಿಯಾನ ಬಾಡಿಗೆಗೆ ಕೊಡುವ ಕೆಲಸ. ಗೋಡೌನು ಭಾವನ ಅಪ್ಪ ಮಾಡಿಟ್ಟದ್ದು. ಭಾವ ಯಾರಿಗೂ ಇಲ್ಲ ಎನ್ನದ ಮನುಷ್ಯ. ಬಾಡಿಗೆ ದುಡ್ಡು ವಸೂಲಿಗೆ ಹೋದರೆ ತಾವೇ ಬಾಕಿ ಉಳಿಸಿದವರಂತೆ ಕೈ ಮುಗಿದು ವಾಪಸ್ ಬರುತ್ತಿದ್ದರು. ಅದನ್ನು ನೋಡಿ ನೋಡಿ ಸಾಕಾದ ಮುದುಕರು ಒಂದು ದಿನ ಗೋಡೌನಿನ ಬೀಗದ ಕೈಯನ್ನು ಮಗನ ಮುಂದೆಯೇ ಸೊಸೆಯ ಕೈಗೆ ಹಾಕಿದರು. ಅಂದಿನಿಂದ ಅಕ್ಕ ಯಜಮಾನಿ, ಭಾವ ಟೆಂಪೊ ಓಡಿಸುವವರು, ನಾನು ಗೂಟ ಹೊಡೆದು ಹಗ್ಗ ಕಟ್ಟುವವನು. ಬಾಡಿಗೆಗೆ ಹೋಗಿ ಬಂದ ಬಟ್ಟೆಯನ್ನೆಲ್ಲ ಅಕ್ಕ ಬೆಳಕಿಗೆ ಹಿಡಿದು, ತೂತು ಹುಡುಕಿ, ಬಕೆಟ್ ಬೋರಲು ಹಾಕಿಕೊಂಡು ಕೂತು ತೇಪೆ ಹಾಕುತ್ತಾಳೆ. ಹೊಲಿಯುತ್ತಾ ಹೊಲಿಯುತ್ತಾ ತೂತು ಮಾಡಿದವರ ವಂಶವನ್ನೆಲ್ಲ ಬೈಯುತ್ತಾಳೆ. ಟ್ರಾಫಿಕ್ ಪೊಲೀಸಿನವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಬೈದದ್ದನ್ನು ನಾನೇ ಕಂಡಿದ್ದೇನೆ. ಇಂಥವಳು ಬಾಯಿ ಬಿಡಬೇಕಾದ ಒಂದೇ ಒಂದು ದಿನ ಬಾಯಿ ಬಿಡಲಿಲ್ಲ. ನನ್ನ ಸಿಟ್ಟು ಅದಕ್ಕೆ.

ನಮ್ಮ ಮನೆಯ ಹಿಂದೆಯೇ ಶಾಲೆಯೊಂದರ ಮೈದಾನವಿದೆ. ನಮ್ಮ ಅರ್ಧ ಸಂಪಾದನೆ ಆ ಮೈದಾನದಿಂದ. ಶಾಲೆಯ ಕಾರ್ಯದರ್ಶಿಗೆ ನಾವು ಇಟ್ಟ ಹೆಸರು ಮೈಕಾಸುರ. ಮೈಕು ಕೈಗೆ ಸಿಕ್ಕರೆ ಅದನ್ನು ಅವನಿಂದ ಕಿತ್ತುಕೊಳ್ಳಲು ಕರೆಂಟೇ ಹೋಗಬೇಕು. ಹೋದ ವರ್ಷ ಶಾಲೆಯ ಬಹುಮಾನ ವಿತರಣೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಮೈದಾನದ ಎರಡು ಕಡೆಗೂ ಎತ್ತರದ ಕಟ್ಟಡಗಳು. ಬೇರೆ ಕಡೆ ಸುಮ್ಮನೆ ಬೀಸುವ ಗಾಳಿ ಅಲ್ಲಿ ಸಂದಿಯಲ್ಲಿ ನುಗ್ಗಿ ಬರುತ್ತದೆ. ಬಟ್ಟೆ ಉಬ್ಬುವುದನ್ನು ನೋಡಿ ನಾನು ವೇದಿಕೆಯ ಹತ್ತಿರ ಹೋಗಿ, "ಸಾರ್, ಮಕ್ಕಳನ್ನ ಆಚೆ ಕಳಿಸಿ, ಬಟ್ಟೆ ಇಳಿಸಬೇಕು" ಎಂದೆ. ಅವನು ಫೋನು ತೆಗೆದು ನನ್ನ ಮೂಗಿಗೆ ಹಿಡಿದ. "ಗಾಳಿ ಎಂಟೇ ಕಿಲೋಮೀಟರು ಅಂತ ತೋರಿಸ್ತಾ ಇದೆ. ಅತಿಥಿಗಳ ಭಾಷಣ ಮುಗೀಲಿ."

ಫೋನಿಗೆ ಆ ಎಂಟು ಬರುವುದು ಗುಡ್ಡದ ಆಚೆಗಿರುವ ವಿಮಾನ ನಿಲ್ದಾಣದಿಂದ. ಅಲ್ಲಿಯ ಗಾಳಿಗೂ ನಮ್ಮ ಮೈದಾನದ ಗಾಳಿಗೂ ಏನು ಸಂಬಂಧ? ಪುಣ್ಯಕ್ಕೆ ಟೀಚರೊಬ್ಬರು ನನ್ನ ಮುಖ ನೋಡಿಯೇ ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ನಾನು ನಡುಗಂಬ ಹಿಡಿದು ನಿಂತಿದ್ದೆ. ಕಂಬ ಲಟಕ್ಕೆಂದು ಮುರಿದು, ಬಟ್ಟೆ, ಹಗ್ಗ, ಕಂಬದ ತುಂಡು ಎಲ್ಲ ನನ್ನ ಬಲಗೈಯ ಮೇಲೆ ಬಿತ್ತು. ಮುಖದ ಮೇಲೆ ಬಟ್ಟೆ, ಏನೂ ಕಾಣದು. ಎಳೆದು ಬಿಗಿದ ಹಗ್ಗ ಕೈಯನ್ನು ನೆಲಕ್ಕೆ ಒತ್ತಿಹಿಡಿದಿತ್ತು. ಅಕ್ಕ ಓಡಿಬಂದದ್ದು ಅವಳ ಏದುಸಿರಿನಿಂದಲೇ ಗೊತ್ತಾಯಿತು. ಅವಳು ಕೇಳಿದ ಮೊದಲ ಮಾತು, "ಗಂಟು ನೀನು ಸರಿಯಾಗಿ ಹಾಕಿದ್ದೆ ತಾನೇ?"

ಆಮೇಲೆ ಹಗ್ಗ ಸಡಿಲವಾಯಿತು, ನನ್ನನ್ನು ಎಳೆದರು. ಯಾರೋ ಸಿಕ್ಕ ಸಿಕ್ಕ ಹಗ್ಗವನ್ನೆಲ್ಲ ಕತ್ತರಿಸಿ ರಾಶಿ ಹಾಕುತ್ತಿದ್ದರು. ನನ್ನನ್ನು ಟೆಂಪೊಗೆ ಹತ್ತಿಸುವಾಗಲೇ ಮೈಕಿನಲ್ಲಿ ಮಾತು ಕೇಳಿತು. "ಹಗ್ಗ ಸರಿಯಾಗಿ ಕಟ್ಟದೇ ಇದ್ದ ಕೆಲಸಗಾರನ ಬೇಜವಾಬ್ದಾರಿಯಿಂದ ಈ ಅನಾಹುತ ಆಗಿದೆ." ಅಕ್ಕ ಪಕ್ಕದಲ್ಲೇ ಇದ್ದಳು. ತುಟಿಪಿಟಕ್ಕೆನ್ನಲಿಲ್ಲ.

ಮೂಳೆ ಕೂಡಿಕೊಂಡಿತು, ಬಲಗೈಯ ಹಿಡಿತ ಮಾತ್ರ ಮೊದಲಿನಂತೆ ಬರಲಿಲ್ಲ. ಅದನ್ನಾದರೂ ಸಹಿಸಬಹುದು. ಟೀ ಅಂಗಡಿಯಲ್ಲಿ ನನಗೊಂದು ಹೆಸರು ಬಿತ್ತು, ಸಡಿಲ. "ಏನೋ ಸಡಿಲ, ಕೈ ಹೇಗಿದೆ?" ಹಗ್ಗ ಕಟ್ಟುವವನಿಗೆ ಇದಕ್ಕಿಂತ ಹೊಲಸು ಬೈಗುಳ ಇಲ್ಲ. ಬೇರೆ ಶಾಮಿಯಾನದವರೂ ನನ್ನನ್ನು ಕರೆಯುವುದು ಬಿಟ್ಟರು. ನಾನು ಅಕ್ಕನ ಮನೆಯಲ್ಲಿ, ಅಕ್ಕನ ತಟ್ಟೆಯಲ್ಲಿ, ಎಡಗೈಯಲ್ಲಿ ಊಟ ಮಾಡುತ್ತಾ ಅಕ್ಕನ ಜೊತೆ ಮಾತು ಬಿಟ್ಟೆ. ಉಪ್ಪು ಬೇಕಾದರೂ ಭಾವನನ್ನು ಕೇಳುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. "ಗಾಳಿ ಅಳೆಯೋ ಯಂತ್ರ ತಗೋಬೇಕು. ಬಾ ಅಂಗಡಿಗೆ."

"ನಾನ್ಯಾಕೆ?"

"ಮುರಿದಿರೋದು ಕೈ. ಕಾಲಲ್ಲ."

ಟೆಂಪೊ ಹತ್ತುವಾಗ ಭಾವ, "ಫೋನಲ್ಲಿ ಬಿಟ್ಟಿ ತೋರಿಸುತ್ತಲ್ಲೇ" ಎಂದರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ಅವರು ಗಾಡಿ ಹೊರಡಿಸಿದರು. ಹೊಸ ಶಾಮಿಯಾನದ ಬಟ್ಟೆ ಕೊಳ್ಳಲೆಂದು ಎತ್ತಿಟ್ಟಿದ್ದ ದುಡ್ಡು ಅವಳ ಚೀಲದಲ್ಲಿತ್ತು. ಅದರಲ್ಲಿ ಒಳ್ಳೆಯ ಬಟ್ಟೆ ಬರುತ್ತದೆ, ಒಳ್ಳೆಯ ಯಂತ್ರ ಬರುವುದಿಲ್ಲ ಎಂದು ಅಂಗಡಿಗೆ ಕಾಲಿಟ್ಟ ಮೇಲೆ ತಿಳಿಯಿತು.

ಅಂಗಡಿಯ ಹುಡುಗ ಇಸ್ತ್ರಿ ಹಾಕಿದ ಶರ್ಟಿನವನು. ಮೊದಲು ತಂದಿಟ್ಟದ್ದು ಬಣ್ಣ ಬಣ್ಣದ ಪರದೆಯದು. ಸೂರ್ಯ ನಗುತ್ತಿದ್ದ, ಮೋಡ ಓಡುತ್ತಿತ್ತು. "ನಾಳೆ ಹವಾಮಾನ ಹೇಗಿರುತ್ತೆ ಅಂತ ಇವತ್ತೇ ಹೇಳುತ್ತೆ ಮೇಡಂ. ಎಲ್ಲರೂ ಇದನ್ನೇ ತಗೊಳ್ಳೋದು."

"ಗಾಳಿ ಎಷ್ಟಿದೆ ಅಂತ ಹೇಳುತ್ತಾ?"

"ಸೆಖೆ, ತೇವ, ಒತ್ತಡ ಎಲ್ಲಾ ಹೇಳುತ್ತೆ."

"ಗಾಳಿ?"

"ಗಾಳಿ ಇಲ್ಲ."

"ಮತ್ತೆ ನಾಳೆ ಹೇಗಿರುತ್ತೆ ಅಂತ ಅದಕ್ಕೆ ಯಾರು ಹೇಳಿದ್ರು?"

ಹುಡುಗ ಡಬ್ಬಿಯನ್ನು ತಿರುವಿ ಓದಿದ. ಒತ್ತಡ ಇಳಿದರೆ ಮೋಡದ ಚಿತ್ರ, ಏರಿದರೆ ಸೂರ್ಯನ ಚಿತ್ರ, ಅಷ್ಟೇ ಅದರ ಜ್ಞಾನ. ಅಕ್ಕ ಅದನ್ನು ಬದಿಗೆ ತಳ್ಳಿದಳು. "ಚಿತ್ರ ನೋಡೋಕೆ ಮನೇಲಿ ಟೀವಿ ಇದೆ."

ಎರಡನೆಯದು ಅಂಗೈಯಲ್ಲಿ ಹಿಡಿಯುವಂಥದ್ದು, ಪುಟ್ಟ ಫ್ಯಾನು ಇದ್ದದ್ದು. ಬೆಲೆಯೂ ಕಡಿಮೆ. ನನಗೆ ಅದೇ ಸರಿ ಅನ್ನಿಸಿತು, ಸಿಟ್ಟಿನಲ್ಲಿದ್ದವನು ಹೇಳಲಿಲ್ಲ. ಅಕ್ಕ, "ಇದನ್ನ ಹಿಡ್ಕೊಂಡು ನಾನು ನಿಂತ್ರೆ ಹಗ್ಗ ಯಾರು ಹಿಡೀತಾರೆ? ಚಾವಣಿ ಮೇಲೆ ಅದರ ಪಾಡಿಗೆ ತಿರುಗ್ತಾ ಇರೋದು ಬೇಕು" ಎಂದಳು. ಮೂರನೆಯದು ಬಹಳ ದೊಡ್ಡದು. ಇಂಟರ್‌ನೆಟ್ಟಿಗೆ ಸೇರಿಸಿದರೆ ಪ್ರಪಂಚದ ಯಾವ ಮೂಲೆಯಿಂದಲಾದರೂ ನಮ್ಮ ಮನೆಯ ಗಾಳಿ ನೋಡಬಹುದಂತೆ. "ಪ್ರಪಂಚಕ್ಕೆ ನನ್ನ ಚಾವಣಿ ಗಾಳಿ ಯಾಕೆ?" ಎಂದು ಅದನ್ನೂ ಬಿಟ್ಟಳು. ಬೆಲೆ ನೋಡಿಯೇ ಬಿಟ್ಟದ್ದು, ನನಗೆ ಗೊತ್ತು.

ಕೊನೆಗೆ ಮೂಲೆಯಿಂದ ಒಂದು ಹಳೆಯ ಡಬ್ಬಿ ಬಂತು. ಮೂರು ಪುಟ್ಟ ಬಟ್ಟಲು ಗಾಳಿಗೆ ತಿರುಗುವಂಥದ್ದು, ದಿಕ್ಕು ತೋರುವ ಬಾಲ, ಮಳೆ ತುಂಬಿಕೊಳ್ಳುವ ಡಬ್ಬ, ಮನೆಯೊಳಗೆ ಇಡಲು ಅಂಕಿ ತೋರುವ ಬೂದು ಬಣ್ಣದ ಪರದೆ. "ಮಾಡೆಲ್ ಹಳೇದು ಮೇಡಂ, ಕಲರ್ ಇಲ್ಲ" ಎಂದು ಹುಡುಗ ಮುಖ ಸಿಂಡರಿಸಿದ. ಅಕ್ಕ ಬಟ್ಟಲುಗಳಿಗೆ ಬಾಯಿಂದ ಊದಿದಳು. ಪರದೆಯಲ್ಲಿ ಎರಡು ಅಂಕಿ ಬಂದವು. ಒಂದು ಈಗಿನ ಗಾಳಿ, ಇನ್ನೊಂದು ಗಾಳಿಯ ಹೊಡೆತ ಎಂದು ಹುಡುಗ ಡಬ್ಬಿ ಓದಿ ಹೇಳಿದ. ಅಕ್ಕನಿಗೆ ಬೇಕಾದದ್ದು ಎರಡನೆಯದು. ಕಂಬ ಮುರಿಯುವುದು ಹೊಡೆತಕ್ಕೆ.

"ಪರದೆ ಬ್ಯಾಟರಿಯಲ್ಲಿ ನಡೆಯುತ್ತಾ? ಮನೆ ಹಿಂದಿನ ಮೈದಾನಕ್ಕೆ ಹಿಡ್ಕೊಂಡು ಹೋದ್ರೆ ತೋರಿಸುತ್ತಾ?"

"ಇದು ಮನೇಲಿ ಇಡೋ ವಸ್ತು ಮೇಡಂ."

"ನಾನು ಕೇಳಿದ್ದು ಅದಲ್ಲ."

"ತೋರಿಸುತ್ತೆ."

"ಮಳೆ ಡಬ್ಬ ತೆಗೆದು ಕಡಿಮೆಗೆ ಕೊಡು. ಮಳೆ ಬಂದ್ರೆ ನೆನೀತೀನಿ, ನನಗೇ ಗೊತ್ತಾಗುತ್ತೆ."

ಡಬ್ಬ ತೆಗೆಯಲು ಬರುವುದಿಲ್ಲ, ಎಲ್ಲ ಒಂದೇ ಅಚ್ಚಿನದು ಎಂದು ಹುಡುಗ ಅಳುಮೋರೆ ಮಾಡಿದ. ಅಕ್ಕ ಹಳೇ ಮಾಡೆಲಿನ ಲೆಕ್ಕ ತೆಗೆದು ಚೌಕಾಶಿ ಮಾಡಿಯೇ ಮಾಡಿದಳು. ನಾನು ಗೋಡೆ ನೋಡುತ್ತಾ ನಿಂತಿದ್ದೆ. ನನ್ನ ಕೈ ಮುರಿದ ಮೇಲೆ ಇವಳಿಗೆ ಗಾಳಿ ನೆನಪಾಯಿತು, ನನ್ನ ಹೆಸರು ಕೆಟ್ಟದ್ದು ನೆನಪಾಗಲಿಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಯಂತ್ರವನ್ನು ಭಾವ ಚಾವಣಿಯ ನೀರಿನ ಟ್ಯಾಂಕಿನ ಮಗ್ಗುಲಿಗೆ, ಕೈಗೆಟಕುವಂತೆ, ನೀಟಾಗಿ ಮೊಳೆ ಹೊಡೆದು ಕೂರಿಸಿದರು. ದಿನಗಟ್ಟಲೆ ಅದು ಸೊನ್ನೆ ತೋರಿಸಿತು. "ನೋಡಿದ್ಯಾ, ನಮ್ಮಲ್ಲಿ ಗಾಳಿನೇ ಇಲ್ಲ" ಎಂದು ಭಾವ ಊಟಕ್ಕೆ ಕೂತಾಗಲೆಲ್ಲ ಹೇಳತೊಡಗಿದರು. ನನಗೆ ತಡೆಯಲಾಗಲಿಲ್ಲ. "ಭಾವ, ಪಕ್ಕದ ಮನೆಯವರ ಲಂಗ ಹಾರಿಬಂದು ನಮ್ಮ ಟ್ಯಾಂಕ್ ಮೇಲೆ ಕೂತಿದೆ. ಅದನ್ನ ಅಲ್ಲಿಗೆ ಯಾರು ತಂದಿಟ್ರು?"

ಟ್ಯಾಂಕಿನ ಮರೆಯಲ್ಲಿಟ್ಟರೆ ಬಟ್ಟಲು ತಿರುಗುವುದೆಲ್ಲಿಂದ? ಗೋಡೌನಿನಲ್ಲಿ ಆ ದಿನ ಮುರಿದ ಕಂಬದ ಉದ್ದನೆಯ ತುಂಡು ಬಿದ್ದಿತ್ತು. ಅದನ್ನು ಹೆಗಲ ಮೇಲೆ ಹೊತ್ತು ತಂದು, ತುದಿಗೆ ಯಂತ್ರವನ್ನು ಬಿಗಿದು, ಚಾವಣಿಯ ಮೂಲೆಯಲ್ಲಿ ನಿಲ್ಲಿಸಿದೆ. ಅಕ್ಕ ಬಂದು ಕಂಬ ಹಿಡಿದುಕೊಂಡಳು. ನಾನು ಎಡಗೈ ಮತ್ತು ಹಲ್ಲು ಸೇರಿಸಿ ಮೂರು ಕಡೆಗೆ ಹಗ್ಗ ಎಳೆದು ಕಟ್ಟಿದೆ. ಅಕ್ಕ ಗಂಟನ್ನೇ ನೋಡುತ್ತಿದ್ದಳು. ಅವಳು ಕೆಳಗಿಳಿಯುವಷ್ಟರಲ್ಲಿ ಬಟ್ಟಲುಗಳು ಗಿರಗಿರನೆ ತಿರುಗುತ್ತಿದ್ದವು.

ಅಲ್ಲಿಂದ ಅವಳಿಗೆ ಅದೇ ಕೆಲಸ. ಮೈದಾನದಲ್ಲಿ ಯಾರದೇ ಬಟ್ಟೆ ಎದ್ದಿರಲಿ, ಇವಳು ಅಡುಗೆಮನೆಯ ಕಿಟಕಿಯಲ್ಲಿ ಪರದೆ ಹಿಡಿದು ನಿಲ್ಲುವಳು. ಹೊಡೆತ ಇಪ್ಪತ್ತಾದರೆ ಅಂಚು ಪಟಪಟ ಅನ್ನುತ್ತದೆ, ಮೂವತ್ತಾದರೆ ಕಂಬ ಕಿರುಗುಡುತ್ತದೆ. ಮೂವತ್ತು ದಾಟಿದರೆ ಯಾರದೇ ಸಮಾರಂಭವಿರಲಿ, ಬಟ್ಟೆ ಇಳಿಸುವುದು ಎಂದು ಅವಳೇ ಕಾನೂನು ಮಾಡಿದಳು. ಭಾವ ತಲೆಯಾಡಿಸಿದರು, ನಾನು ಆಡಿಸಲಿಲ್ಲ.

ಆಮೇಲೆ ಮೈಕಾಸುರನ ಫೋನು ಬಂತು. ಅವನು ಕಾರ್ಯದರ್ಶಿಯಾಗಿ ಇಪ್ಪತ್ತೈದು ವರ್ಷವಾದದ್ದಕ್ಕೆ ಅವನೇ ಏರ್ಪಡಿಸಿಕೊಂಡ ಸನ್ಮಾನ. ಅಕ್ಕ ಸ್ಪೀಕರಿನಲ್ಲಿ ಹಾಕಿದ್ದಳು. "ಆ ಸಡಿಲ ಮಾತ್ರ ಹಗ್ಗ ಮುಟ್ಟಬಾರದು ನೋಡಮ್ಮ" ಎಂದ. ನಾನು ಎದುರಿಗೇ ಕೂತಿದ್ದೆ. ಅಕ್ಕ, "ಆಗಲಿ ಸಾರ್" ಎಂದಳು.

ಆ ಎರಡು ಮಾತು ಕೇಳಿ ನಾನು ಅರ್ಧ ಊಟಕ್ಕೇ ಎದ್ದೆ. ಕೂಲಿಯವರು ಸಂಜೆಯೇ ಬಟ್ಟೆ ಎಬ್ಬಿಸಿ ಹೋದರು. ಬೆಳಿಗ್ಗೆ ಯಾರೂ ಬರುವ ಮೊದಲೇ ನಾನು ಮೈದಾನಕ್ಕೆ ಹೋಗಿ ಅವರು ಹಾಕಿದ ಒಂದೊಂದು ಗಂಟನ್ನೂ ಬಿಚ್ಚಿ, ನನ್ನ ಗಂಟು ಹಾಕಿದೆ. ಬೆರಳು ಸೋತಲ್ಲಿ ಹಲ್ಲು ಹಾಕಿದೆ.

ಸನ್ಮಾನ ಶುರುವಾಗಿ ಮೂರನೆಯ ಭಾಷಣದ ಹೊತ್ತಿಗೆ ಬಟ್ಟೆಯ ಅಂಚು ಪಟಪಟ ಅಂದಿತು. ಅಕ್ಕ ಪರದೆ ಹಿಡಿದು ಮೈದಾನದ ಅಂಚಿನಲ್ಲಿದ್ದಳು, ನಾನು ಕಾಂಪೌಂಡಿನ ಆಚೆ. ಅಂಕಿ ಮೂವತ್ತು ದಾಟಿದ್ದು ಅವಳ ನಡಿಗೆಯಿಂದಲೇ ಗೊತ್ತಾಯಿತು. ಅವಳು ನೇರ ವೇದಿಕೆಗೆ ಹೋಗಿ, "ಸಾರ್, ಜನ ಏಳಲಿ. ಇಳಿಸ್ತೀನಿ" ಎಂದಳು. ಮೈಕಾಸುರ ಒಂದು ಕೈಯಲ್ಲಿ ಮೈಕು ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ತೆಗೆದ. ಅಲ್ಲಿ ಮತ್ತೆ ಅದೇ ಎಂಟು. "ತಲೆ ಕೆಟ್ಟಿದೆಯಾ ನಿನಗೆ? ಮುಂದೆ ಈ ಮೈದಾನದಲ್ಲಿ ನಿನ್ನ ಒಂದು ಗೂಟ ಊರೋಕೂ ಬಿಡಲ್ಲ."

ಅಕ್ಕ ಮೆಟ್ಟಿಲಿಳಿದು ಹತ್ತಿರದ ಗೂಟದ ಮುಂದೆ ಕೂತು ಗಂಟಿಗೆ ಕೈ ಹಾಕಿದಳು. ಮೈಕಾಸುರ ಅವಳ ಹಿಂದೆಯೇ ಬಂದ. ಗಂಟು ಅಲುಗಲಿಲ್ಲ. ಉಗುರು ಹಾಕಿದಳು, ಅಲುಗಲಿಲ್ಲ. ತಟ್ಟನೆ ತಲೆಯೆತ್ತಿ ಕಾಂಪೌಂಡಿನ ಕಡೆ ನೋಡಿದಳು.

"ಇದು ನನ್ನ ತಮ್ಮನ ಗಂಟು ಸಾರ್" ಎಂದಳು. ಅವನ ಕೈಯಲ್ಲಿದ್ದ ಮೈಕು ಆಫ್ ಆಗಿರಲಿಲ್ಲ, ಮೈದಾನವಿಡೀ ಕೇಳಿತು. "ಆವತ್ತೂ ಇದೇ ಗಂಟು. ಅವನು ಅಡಿಯಲ್ಲಿ ಬಿದ್ದಿದ್ದ, ನಾನು ಬಿಚ್ಚೋಕೆ ಒದ್ದಾಡಿದೆ, ಬಿಚ್ಚೋಕಾಗದೆ ಚಾಕು ತಗೊಂಡು ಹಗ್ಗ ಕತ್ತರಿಸಿದೆ. ಕಂಬ ಮುರೀತು, ಗಂಟು ಬಿಡಲಿಲ್ಲ. ಈ ಮೈದಾನದ ಕೆಲಸ ನಮ್ಮ ಕೈತಪ್ಪಿ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ನೀವು ಇಳಿಸೋಕೆ ಬಿಡಲಿಲ್ಲ, ಅದಕ್ಕೇ ಅವನ ಕೈ ಹೋಯ್ತು." ಆಮೇಲೆ ನನ್ನ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯಾ? ಬಾ, ಬಿಚ್ಚು" ಎಂದಳು.

ನಾನು ಕಾಂಪೌಂಡು ದಾಟಿ ಹೋದೆ. ಜನ ಎದ್ದು ದಾರಿ ಬಿಟ್ಟರು. ಒಂದೊಂದೇ ಗೂಟದ ಮುಂದೆ ಕೂತು ನನ್ನ ಗಂಟುಗಳನ್ನು ನಾನೇ ಬಿಚ್ಚಿದೆ. ಕಣ್ಣು ಮಂಜಾಗಿತ್ತು, ಧೂಳು ಎಂದುಕೊಂಡೆ. ಅಕ್ಕ ಹಿಂದಿನಿಂದ ಹಗ್ಗ ಸುತ್ತಿಕೊಳ್ಳುತ್ತಾ ಬಂದಳು. ಬಟ್ಟೆ ಮೆಲ್ಲಗೆ ನೆಲಕ್ಕಿಳಿಯಿತು.

ದೊಡ್ಡ ಗಾಳಿ ಬರಲೇ ಇಲ್ಲ. ಬಟ್ಟೆ ಮಡಚುವಷ್ಟರಲ್ಲಿ ಎದ್ದದ್ದೂ ಬಿದ್ದುಹೋಯಿತು. ಮೈಕಾಸುರ ಸುಡುಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ ಸನ್ಮಾನ ಮಾಡಿಸಿಕೊಂಡ, ಮತ್ತೆ ನಮ್ಮನ್ನು ಕರೆಯಲಿಲ್ಲ. ಭಾವ ಸುಮ್ಮನಿರಲಾರದೆ, "ಫೋನಲ್ಲಿ ಎಂಟೇ ಇತ್ತು" ಎಂದರು.

ಟೆಂಪೊದ ಹಿಂದೆ ಬಟ್ಟೆಯ ಮೂಟೆಯ ಮೇಲೆ ನಾನೂ ಅಕ್ಕನೂ ಕೂತಿದ್ದೆವು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಕೆಲಸ ಹೋಗ್ತಿತ್ತು."

"ಈಗಲೂ ಹೋಯ್ತಲ್ಲ."

"ಹೋಯ್ತು."

ನನ್ನ ಸಿಟ್ಟು ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಅಕ್ಕ ಸೀಳಿದ ಉಗುರನ್ನು ಬಾಯಲ್ಲಿಟ್ಟುಕೊಂಡಳು. ಆಮೇಲೆ, "ಮುಂದಿನ ಸಲ ನನಗೂ ಬಿಚ್ಚೋಕೆ ಆಗೋ ಹಾಗೆ ಕಟ್ಟೋ" ಎಂದಳು.

"ಆಗಲ್ಲ" ಎಂದೆ.