ಕಣದ ಬಾಣಂತಿ

ಜೋಳದ ರಾಶಿಗೆಂದು ಕಣ ಸಾರಿಸುತ್ತಿದ್ದೆ. ಅಂಚಿನಲ್ಲಿದ್ದ ಸಣ್ಣ ಬಿಲಕ್ಕೆ ಸಗಣಿ ತುರುಕಿದ್ದೇ ತಡ, ಒಳಗಿನಿಂದ ಏನೋ ಬೆರಳು ಕಚ್ಚಿತು. ತೊಳೆದು ನೋಡಿದರೆ ಎರಡು ಚುಕ್ಕಿ! ಹಾವೇ ಎಂದು ಕಿರುಚಿದೆ. ಏಕೀಕರಣದ ನಂತರದ ಮೊದಲ ಸುಗ್ಗಿ ಅದು. ಮದುವೆಯಾಗಿ ಮುಂಡರಗಿ ಸೀಮೆಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಯಜಮಾನರು ದವಾಖಾನೆಗೆ ಒಯ್ಯಲು ಗಾಬರಿಯಲ್ಲಿ ಬಂಡಿ ಹೂಡತೊಡಗಿದರು.

ಅತ್ತೆ ಮಾತ್ರ ಬಿಲದ ಪಕ್ಕ ಕುಳಿತು ಹುಲ್ಲುಕಡ್ಡಿಯೊಂದನ್ನು ಒಳಗೆ ಆಡಿಸಿದರು. ಸರ್ರನೆ ಹೊರಬಂದದ್ದು ಬೂದು ಬಣ್ಣದ ಜೇಡ. ಅದರ ಬೆನ್ನ ತುಂಬ ಸಾಸಿವೆಯಷ್ಟು ಮರಿಗಳು!

“ಅಳಬ್ಯಾಡ ನನ್ನವ್ವ, ಹಾವಲ್ಲ, ಜ್ಯಾಡರ ಹುಳ ಐತಿ. ಬಾಣಂತಿ ಮನ್ಯಾಗ ಕೈ ಹಾಕಿದ್ರ ಸುಮ್ನ ಬಿಡತೈತೇನು?” ಎಂದು ನಕ್ಕು, ಮಗನಿಗೆ “ಎತ್ತು ಬಿಚ್ಚೋ” ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಬಲೆ ನೇಯದೆ ಬಿಲದಲ್ಲಿ ಬದುಕುವ ಅದನ್ನು ತೋಳಜೇಡ ಎನ್ನುತ್ತಾರೆಂದು ನನಗೆ ತಿಳಿದದ್ದು ಈಚೆಗೆ. ಸಂಜೆಯೊಳಗೆ ಬೆರಳಿನ ಉರಿ ಇಳಿಯಿತು. ಅತ್ತೆ ಆ ಬಿಲದ ಸುತ್ತ ಸಾರಿಸಲು ಬಿಡಲಿಲ್ಲ. ಊರವರ ಕಣಗಳೆಲ್ಲ ದುಂಡಗಿದ್ದವು. ಆ ವರ್ಷ ನಮ್ಮದೊಂದೇ, ಯಾರೋ ಕಚ್ಚಿಟ್ಟ ರೊಟ್ಟಿಯಂತೆ, ಒಂದು ಕಡೆ ಚೂರು ಕಮ್ಮಿ ಇತ್ತು.