ಮೂರನೇ ಹಾಡಿನ ಹದಿನಾಲ್ಕನೇ ನಿಮಿಷ

ಎರಡು ಸಿ.ಡಿ.ಗೆ ಐದು ಸಾವಿರದ ನಾನೂರು ರೂಪಾಯಿ. ಒಂದು ಕರಿಕಲ್ಲಿನ ಚಪ್ಪಡಿಗೆ ಮೂವತ್ತೆರಡು ಸಾವಿರ. ಅದನ್ನು ಗುಂಡ್ಲುಪೇಟೆಯಿಂದ ವಾಪಸ್ ತಂದ ಟೆಂಪೊ ಖರ್ಚು, ಐದು ದಿನದ ಕೆತ್ತನೆ ಕೂಲಿ ಬೇರೆ. ಈಗ ಹೇಳಹೊರಟಿರುವ ಸಂಗತಿಗೆ ನನ್ನ ಕೈಯಿಂದ ಹೋದದ್ದು ಇಷ್ಟು. ಮೊದಲೇ ಹೇಳಿಬಿಡಲು ಕಾರಣವಿದೆ. ಶಕುನ, ಗಾಳಿ, ದೆವ್ವ ಎಂದು ಮಾತಾಡುವವರನ್ನು ಕಂಡರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಅದರಿಂದ ನಿಮಗೆ ಎಷ್ಟು ಲುಕ್ಸಾನಾಯಿತು? ಏನೂ ಇಲ್ಲ ಅಂದರೆ ಬರೀ ಕತೆ ಎಂದು ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋಗಬಾರದಲ್ಲ.

ಬದನಗುಪ್ಪೆ ಕಡೆ ನನ್ನದೊಂದು ಸಣ್ಣ ಕಲ್ಲಿನ ಯಾರ್ಡ್ ಇದೆ. ನಮ್ಮ ಚಾಮರಾಜನಗರದ ಕರಿಕಲ್ಲು ಗೊತ್ತಲ್ಲ, ಹೊರದೇಶದವರು ಸಮಾಧಿಗೆ ಹಾಕಿಸಿಕೊಳ್ಳುತ್ತಾರೆ, ನಾವು ಅಡುಗೆಕಟ್ಟೆಗೆ ಹಾಕಿಸಿಕೊಳ್ಳುತ್ತೇವೆ. ನಾನು ಕ್ವಾರಿಯಲ್ಲಿ ಕಲ್ಲುಚೂರು ಹೊತ್ತು ಮೇಲೆ ಬಂದವನು. ನನಗೆ ಕಸುಬು ಕಲಿಸಿದವನು ಉಮ್ಮತ್ತೂರಿನ ಮಾದಯ್ಯ. ಅವನ ಕೆಲಸ ಕಲ್ಲಿನ ದನಿ ನೋಡುವುದು. ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಕಲ್ಲು ಗಂಟೆಯಂತೆ ಠಣ್ ಎನ್ನುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಒದ್ದೆ ಮರ ತಟ್ಟಿದ ಹಾಗೆ ದಬ್ ಎನ್ನುತ್ತದೆ. ನನ್ನ ವ್ಯಾಪಾರವೆಲ್ಲ ನಿಂತಿರುವುದು ಆ ‘ದಬ್’ ಮೇಲೆ. ಕೊಳ್ಳುವಾಗ ಅದು ಕೇಳಿಸಿದರೆ ಅರ್ಧ ಬೆಲೆಗೆ ಇಳಿಸುತ್ತೇನೆ. ಮಾರುವಾಗ ಕೇಳಿಸಬಾರದು ಎಂದು ದೇವರಿಗೆ ಕೈ ಮುಗಿಯುತ್ತೇನೆ.

ಇನ್ನು ನನ್ನ ಚಟ. ಡೂಮ್ ಮೆಟಲ್ ಎಂಬ ಸಂಗೀತ. ಗಿಟಾರನ್ನು ಎಷ್ಟು ಕೆಳಗಿನ ಸ್ವರಕ್ಕೆ ಇಳಿಸಬಹುದೋ ಅಷ್ಟು ಇಳಿಸಿ, ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನವಾಗಿ ನುಡಿಸುತ್ತಾರೆ. ಒಂದು ಹಾಡು ಇಪ್ಪತ್ತು ನಿಮಿಷ. ದಿನವಿಡೀ ಕಲ್ಲು ಕೊಯ್ಯುವ ಮಿಷನ್ನಿನ ಕೀರಲು ಸದ್ದು ಕೇಳುವವನಿಗೆ ಈ ಮಂದ ಸದ್ದು ಹಾಸಿಗೆ ಹಾಸಿದಂತೆ. ಇದರ ರುಚಿ ಹತ್ತಿಸಿದವನು ಗುಂಡ್ಲುಪೇಟೆಯ ನಯಾಜ್. ಸಮಾಧಿಕಲ್ಲಿನ ಮೇಲೆ ಅಕ್ಷರ ಕೆತ್ತುವವನು, ನನ್ನ ಗಿರಾಕಿ. ಕನ್ನಡ, ಉರ್ದು, ತಮಿಳು, ಮಲಯಾಳಂ ಯಾವುದು ಕೊಟ್ಟರೂ ಕೆತ್ತುತ್ತಾನೆ. ಮಲಯಾಳಂ ಓದಲು ಮಾತ್ರ ಬರುವುದಿಲ್ಲ.

ನಮ್ಮಂಥ ಹನ್ನೊಂದು ಜನ ಸೇರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಕೆಲಸ ಒಂದೇ, ಒಬ್ಬರಿಗೊಬ್ಬರು ಆಲ್ಬಮ್ ಶಿಫಾರಸು ಮಾಡುವುದು. ಯಾರು ಹೇಳಿದ್ದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳದೆ ಅಭಿಪ್ರಾಯ ಹೇಳುವಂತಿಲ್ಲ. ಕಲ್ಲಿಗೆ ಕೊಟ್ಟಷ್ಟೇ ಖಾತ್ರಿಯನ್ನು ನಾನು ಆಲ್ಬಮ್‌ಗೂ ಕೊಡುತ್ತಿದ್ದೆ. ನಾನು ಚೆನ್ನಾಗಿದೆ ಎಂದರೆ ಚೆನ್ನಾಗಿದೆ, ಅಷ್ಟೆ.

ಈ ಸಿ.ಡಿ. ಹೊರದೇಶದ ಒಂದು ಸಣ್ಣ ತಂಡದ್ದು. ಇಂಟರ್ನೆಟ್ಟಿಗೆ ಹಾಕಿರಲಿಲ್ಲ, ಬೇಕಾದವರು ಅವರಿಂದಲೇ ತರಿಸಿಕೊಳ್ಳಬೇಕು. ಅಂಚೆಖರ್ಚು ಸಿ.ಡಿ.ಗಿಂತ ಹೆಚ್ಚು. ನಾನು ಬಿಡುತ್ತೇನೆಯೇ, ಆ ತಂಡದ ಗಿಟಾರಿನವನಿಗೇ ಮೇಲ್ ಬರೆದು ಮೂರು ದಿನ ಜಗ್ಗಿ, ಒಂದರ ಅಂಚೆಖರ್ಚಿನಲ್ಲಿ ಎರಡು ಕಳಿಸುವಂತೆ ಮಾಡಿದೆ. ಒಂದು ನನಗೆ, ಒಂದು ನಯಾಜ್‌ಗೆ. ತಂಡದ ಹೆಸರು ಮಾತ್ರ ಹೇಳುವುದಿಲ್ಲ. ಮುಂದೆ ಓದಿದರೆ ಏಕೆ ಎಂದು ತಿಳಿಯುತ್ತದೆ.

ನಾಲ್ಕು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಊಟದ ಹೊತ್ತಿಗೆ ಮಿಷನ್ ನಿಲ್ಲಿಸಿ ಯಾರ್ಡಿನ ಶೆಡ್ಡಿನಲ್ಲಿ ಸಿ.ಡಿ. ಹಾಕಿದೆ. ಮಾದಯ್ಯ ಮುದ್ದೆ ಉಪ್ಸಾರು ಬಿಚ್ಚಿಕೊಂಡು ಕೂತಿದ್ದ.

“ಯಾರ್ಲಾ ಸತ್ತೋಗಿರೋದು? ಅನ್ನ ಉಣ್ಣೋ ಒತ್ನಲ್ಲಿ ಇದ ಆಕಂಡು ಕೂತಿದ್ದೀಯಲ್ಲ” ಎಂದ. ಅವನು ಪ್ರತಿ ಸಲ ಹೇಳುವ ಮಾತೇ ಅದು. ನನ್ನ ಹತ್ತಿರ ಸಂಬಳ ತೆಗೆದುಕೊಂಡರೂ ನನ್ನನ್ನು ‘ಲಾ’ ಎನ್ನುವ ಹಕ್ಕು ಅವನಿಗಿತ್ತು.

ಮೂರನೇ ಹಾಡು ಇಪ್ಪತ್ತೆರಡು ನಿಮಿಷದ್ದು. ಒಂದು ಸ್ವರ ಎತ್ತಿ, ಅದು ಪೂರ್ತಿ ಆರಿದ ಮೇಲೆ ಇನ್ನೊಂದು. ಅರ್ಧ ದಾಟಿರಬೇಕು, ಮಾದಯ್ಯ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

“ಇದ್ರಲ್ಲಿ ಬಿರುಕದೆ ಕಣ್ಲಾ.”

ನಕ್ಕೆ. ಹಾಡಿನಲ್ಲಿ ಎಂಥ ಬಿರುಕು? ಇನ್ನೊಂದು ಸಲ ಹಾಕು ಎಂದ. ಹಾಕಿದೆ. ಮಾದಯ್ಯ ಪ್ಲೇಯರಿಗೆ ಬೆನ್ನು ಮಾಡಿ ಕೂತ. ಒಂದು ಕಡೆ ಬೆರಳೆತ್ತಿದ. ಪ್ಲೇಯರಿನ ಮೇಲೆ ಹದಿನಾಲ್ಕು ನಿಮಿಷ, ಹತ್ತು ಸೆಕೆಂಡು. ನನಗೆ ಏನೂ ಕೇಳಿಸಲಿಲ್ಲ. ಸಿ.ಡಿ. ದೋಷ ಇರಬೇಕು ಎಂದುಕೊಂಡೆ. ದೋಷ ಇದ್ದರೆ ಗಿಟಾರಿನವನಿಂದ ದುಡ್ಡು ವಾಪಸ್ ಕೇಳಬಹುದು ಎಂಬ ಆಸೆಯೂ ಬಂತು. ಖಚಿತ ಮಾಡಿಕೊಳ್ಳಲು ನಯಾಜ್‌ಗೆ ಕೊಟ್ಟ ಇನ್ನೊಂದು ಸಿ.ಡಿ.ಗೆ ಮಾದಯ್ಯನ ಕಿವಿ ಹಚ್ಚಿಸಬೇಕು. ಮರುದಿನವೇ ಮಾದಯ್ಯನನ್ನು ಟೆಂಪೊದಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆಗೆ ಹೋದೆ.

ನಯಾಜ್ ಆಗ ಒಂದು ದೊಡ್ಡ ಕೆಲಸದಲ್ಲಿದ್ದ. ವಯನಾಡಿನ ಒಂದು ಕುಟುಂಬ ತಮ್ಮ ಅಜ್ಜಿಗೆ ಆರಡಿ ಚಪ್ಪಡಿ ಕೆತ್ತಿಸುತ್ತಿತ್ತು. ಚಪ್ಪಡಿ ನಾನೇ ಮಾರಿದ್ದು, ನಾನೇ ತಟ್ಟಿ ನೋಡಿ ಖಾತ್ರಿ ಕೊಟ್ಟದ್ದು. ಅರ್ಧ ಟನ್ನಿನ ಹತ್ತಿರ ತೂಕ. ಅದನ್ನು ಮರದ ದಿಮ್ಮಿಗಳ ಮೇಲೆ ಗೋಡೆಗೆ ಒರಗಿಸಿ, ಅದರ ಬುಡದಲ್ಲಿ ಕಾಲು ಮಡಚಿ ಕೂತು ಕೆತ್ತುತ್ತಿದ್ದ. ಹೆಸರಿನ ಮೊದಲ ಅಕ್ಷರಗಳು ಮೂಡಿದ್ದವು.

ಅವನ ಸಿ.ಡಿ. ಹಾಕಿಸಿದೆವು. ಮಾದಯ್ಯ ಗೋಡೆ ನೋಡಿಕೊಂಡು ಕೂತ. ಅದೇ ಹಾಡು, ಅದೇ ಹದಿನಾಲ್ಕು ಹತ್ತಕ್ಕೆ ಬೆರಳು ಮೇಲೆ. ನಯಾಜ್, “ತಾತಾ, ನೀವು ನಮ್ ಗ್ರೂಪ್ ಸೇರ್ಕೊಳಿ, ಅಣ್ಣನಿಗಿಂತ ನೀವೇ ಚೆನ್ನಾಗಿ ಕೇಳ್ತೀರ” ಎಂದು ನಕ್ಕ. ಮಾದಯ್ಯ ನಗಲಿಲ್ಲ. ಮತ್ತೆ ಹಾಕಿಸಿ, ಸೊಂಟದ ಸುತ್ತಿಗೆ ತೆಗೆದುಕೊಂಡು ಆ ಚಪ್ಪಡಿಯ ಹತ್ತಿರ ಹೋಗಿ ಹಾಡಿನ ಜೊತೆಗೇ ಮೆಲ್ಲಗೆ ತಟ್ಟುತ್ತಾ ನಿಂತ. ಠಣ್, ಠಣ್, ಠಣ್. ಹದಿನಾಲ್ಕನೇ ನಿಮಿಷದಲ್ಲಿ ಒಂದೇ ಒಂದು ಏಟು, ದಬ್. ಆಮೇಲೆ ಮತ್ತೆ ಠಣ್.

“ಈ ಕಲ್ಲ ಬುಟ್ಟು ಏಳಪ್ಪ. ಇದರ ಕೆಳಗೆ ಕೂರಬ್ಯಾಡ” ಎಂದ ನಯಾಜ್‌ಗೆ.

ನಯಾಜ್ ನನ್ನ ಮುಖ ನೋಡಿದ. “ಅಣ್ಣಾ, ನೀವೇನ್ ಹೇಳ್ತೀರ? ನೀವು ಹೇಳ್ದಂಗೆ.”

ಇಲ್ಲಿ ಮುಚ್ಚುಮರೆ ಮಾಡುವುದಿಲ್ಲ. ಆ ‘ದಬ್’ ನನಗೆ ಕೇಳಿಸಿತ್ತು. ಆದರೆ ಕಲ್ಲು ನನ್ನದು, ಖಾತ್ರಿ ನನ್ನದು. ಸ್ಪೀಕರಿನ ಸದ್ದಿನಲ್ಲಿ ಕಲ್ಲಿನ ಸದ್ದು ಮುಚ್ಚಿಹೋಯಿತು ಅಷ್ಟೆ, ನೀನು ಕೆತ್ತು ಎಂದೆ. ಅವನು ಹೋಗಿ ಅದರ ಬುಡದಲ್ಲಿ ಕೂತ.

ವಾಪಸ್ ಬರುವಾಗ ತೆರಕಣಾಂಬಿಯಲ್ಲಿ ಟೀ ಕುಡಿಸಿದೆ. ಮಾದಯ್ಯ, “ಬ್ಯಾರೆಯೋರ ಕಲ್ಲಾಗಿದ್ರೆ ಅರ್ಧ ರೇಟ್‌ಗೆ ಕೇಳ್ತಿದ್ದೆ. ನಿಂದು ಅಂತ ಕೇಳಿಸ್ನಿಲ್ಲ ನಿಂಗೆ” ಎಂದು ಲೋಟ ಇಟ್ಟು ಟೆಂಪೊ ಹತ್ತಿದ.

ಆ ಮಾತು ನನ್ನನ್ನು ಬಿಡಲಿಲ್ಲ. ಎರಡು ದಿನ ಯಾರ್ಡಿನಲ್ಲಿ ಅದೇ ಹಾಡು ಕೇಳಿದೆ, ಕೆಲಸದವರು ಕಿವಿ ಮುಚ್ಚಿಕೊಳ್ಳುವಷ್ಟು ಸಲ. ನನಗೆ ಅದು ಹಾಡು ಮಾತ್ರ. ಮೂರನೇ ದಿನ ಬೆಳಿಗ್ಗೆ ಮಾದಯ್ಯನ ಸುತ್ತಿಗೆ ಕೇಳಿ ಇಸಕೊಂಡು ಒಬ್ಬನೇ ಗುಂಡ್ಲುಪೇಟೆಗೆ ಹೋದೆ. ಸ್ಪೀಕರಿನದೇ ಮಾಯೆಯೋ ಅಲ್ಲವೋ, ಒಂದು ಸಲ ಇತ್ಯರ್ಥ ಆಗಲಿ ಎಂದು.

ಉಪಾಯ ಸರಳವಾಗಿತ್ತು. ಹಾಡು ನಯಾಜ್‌ನ ಹೆಡ್‌ಫೋನಿನಲ್ಲಿ ಮಾತ್ರ. ಕೋಣೆಯಲ್ಲಿ ಸದ್ದಿಲ್ಲ. ಅವನು ಪ್ಲೇಯರ್ ನೋಡುತ್ತಾ ಕೂರುವುದು, ನಾನು ಅವನಿಗೆ ಬೆನ್ನು ಮಾಡಿ ಕಲ್ಲು ತಟ್ಟುತ್ತಾ ಹೋಗುವುದು. ಎಷ್ಟು ನಿಮಿಷವಾಯಿತೆಂದು ನನಗೆ ಗೊತ್ತಾಗಬಾರದೆಂದು ಗಡಿಯಾರ ಬಿಚ್ಚಿಟ್ಟೆ. ಹೊರಗೆ ಹಗಲು, ಬೀದಿಯಲ್ಲಿ ಹೂ ಮಾರುವವಳ ಕೂಗು, ಊಟಿ ಕಡೆಗೆ ಹೋಗುವ ಬಸ್ಸಿನ ಹಾರನ್ನು. ಹೆದರುವಂಥದ್ದು ಏನೂ ಇರಲಿಲ್ಲ.

ಠಣ್, ಠಣ್, ಠಣ್. ಕೈ ಸೋಲುವಷ್ಟು ತಟ್ಟಿದೆ. ಕಲ್ಲು ಗಂಟೆಯಂತಿತ್ತು. ಮಾದಯ್ಯನ ಮೇಲೆ ಗೆದ್ದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ದಬ್.

ತಿರುಗಿ ನೋಡಿದೆ. ನಯಾಜ್ ಪ್ಲೇಯರನ್ನು ನನ್ನ ಕಡೆ ತಿರುಗಿಸಿ ಹಿಡಿದಿದ್ದ. ಹದಿನಾಲ್ಕು ಹನ್ನೊಂದು. ಹೆಡ್‌ಫೋನ್ ತೆಗೆಯದೆಯೇ, “ಏನಾಯ್ತಣ್ಣಾ, ಯಾಕ್ ನಿಲ್ಲಿಸ್ದ್ರಿ?” ಎಂದ. ಅವನ ಕಿವಿಗೆ ಹಾಡಿನಲ್ಲಿ ಏನೂ ಕೇಳಿಸಿರಲಿಲ್ಲ.

ಆಮೇಲೆ ಅದಲು ಬದಲಾದೆವು. ಹೆಡ್‌ಫೋನ್ ನಾನು ಹಾಕಿಕೊಂಡೆ, ಅವನು ತಟ್ಟಿದ. ಇಪ್ಪತ್ತೆರಡು ನಿಮಿಷವೂ ಕಲ್ಲು ಒಂದೇ ಸಮ ಮೊಳಗಿತು ಎಂದ. ಅವನು ಕೇಳುವಾಗ ನಾನು ಪಕ್ಕದ ಬೇರೆ ಚಪ್ಪಡಿ ತಟ್ಟಿದೆ. ಅದೂ ಮೊಳಗಿತು. ಮತ್ತೆ ಅವನು, ಮತ್ತೆ ಆ ಕಲ್ಲು. ಮತ್ತೆ ಅಲ್ಲೇ ದಬ್. ಆ ಮನುಷ್ಯ ಆ ಹಾಡು ಕೇಳುವಾಗ ಆ ಒಂದು ಕಲ್ಲು ಆ ಒಂದು ಗಳಿಗೆ ಒಡಕು ದನಿ ಕೊಡುತ್ತಿತ್ತು. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ನಯಾಜ್ ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. “ಹಂಗಾರೆ ಬಿರುಕು ಕಲ್ಲಲ್ಲಿ ಇದ್ಯಾ, ನನ್ನಲ್ಲಿ ಇದ್ಯಾ?”

ಚಪ್ಪಡಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅವನು ರೇಗಿದ. ಐದು ದಿನದ ಕೆಲಸ, ಅರ್ಧ ಕೆತ್ತಿದ ಹೆಸರು, ವಯನಾಡಿನವರು ಭಾನುವಾರ ಬರುವವರು. “ಮೊನ್ನೆ ಕೆತ್ತು ಅಂದ್ರಿ, ಇವತ್ತು ಬೇಡ ಅಂತೀರ. ಯಾವ ಮಾತ್ ನಂಬ್ಲಿ ನಾನು?” ಎಂದ. ನ್ಯಾಯವಾಗಿಯೇ ಕೇಳಿದ. ಕೂಲಿ ಕೊಟ್ಟೆ, ಯಾರ್ಡಿನಲ್ಲಿದ್ದದ್ದರಲ್ಲೇ ಒಳ್ಳೆಯ ಚಪ್ಪಡಿ ಬದಲಿಗೆ ಕಳಿಸಿದೆ, ಅವನು ಮೂರು ದಿನ ಕತ್ತೆಯಂತೆ ದುಡಿದು ಮುಗಿಸಿಕೊಟ್ಟ. ಜೀವಮಾನದಲ್ಲಿ ಚೌಕಾಶಿ ಮಾಡದೆ ನಾನು ದುಡ್ಡು ಕೊಟ್ಟದ್ದು ಅದೊಂದೇ ಸಲ.

ಇನ್ನು ನೀವು ಕೇಳುವುದು ಗೊತ್ತು. ಆ ಕಲ್ಲು ಒಡೆಯಿತೇ?

ಇಲ್ಲ. ಒಡೆದಿದ್ದರೆ ನೆಮ್ಮದಿಯಿರುತ್ತಿತ್ತು. ಒಳಬಿರುಕು ಇತ್ತು, ಮಾದಯ್ಯನ ಕಿವಿ ದೊಡ್ಡದು ಎಂದು ಹೇಳಿ ಮುಗಿಸುತ್ತಿದ್ದೆ. ಯಾರ್ಡಿನ ಮೂಲೆಯಲ್ಲಿ ಅರ್ಧ ಹೆಸರು ಹೊತ್ತುಕೊಂಡು ಇವತ್ತಿಗೂ ನಿಂತಿದೆ. ಬಿಸಿಲು ಮಳೆ ತಿಂದಿದೆ, ಒಂದು ಗೆರೆ ಬಿಟ್ಟಿಲ್ಲ. ಬಂದವರೆಲ್ಲ ತಟ್ಟಿ ನೋಡಿ ಬೆಲೆ ಕೇಳುತ್ತಾರೆ. ಹೆಸರು ಉಜ್ಜಿಸಿ ಕೊಡಿ, ಇಪ್ಪತ್ತೈದು ಕೊಡುತ್ತೇವೆ ಎಂದವರೂ ಇದ್ದಾರೆ. ಮಾರುತ್ತೇನೆ ಎನ್ನಲು ಬಾಯಿ ಬರುವುದಿಲ್ಲ. ನಾನು ಒಂದು ಹಾಡಿಗೆ ಹೆದರಿ ಮೂವತ್ತೆರಡು ಸಾವಿರ ಹಾಳು ಮಾಡಿಕೊಂಡೆನೋ, ಅಥವಾ ಒಬ್ಬ ಗೆಳೆಯನ ಕಾಲು ಉಳಿಸಿದೆನೋ, ತಿಳಿಯಬೇಕಾದರೆ ನಯಾಜ್‌ನನ್ನು ಮತ್ತೆ ಅದರ ಬುಡದಲ್ಲಿ ಕೂರಿಸಬೇಕು. ಅದು ಆಗದ ಮಾತು. ನಯಾಜ್ ಗ್ರೂಪಿನಲ್ಲಿ ನನ್ನನ್ನು ಈ ವಿಷಯಕ್ಕೆ ಆಡಿಕೊಳ್ಳುತ್ತಾನೆ, ಕಲ್ಲು ಕೊಳ್ಳಲು ಬಂದಾಗ ಮಾತ್ರ ಆ ಮೂಲೆಯ ಕಡೆ ಹೋಗುವುದಿಲ್ಲ. ಮಾದಯ್ಯ ಈಗ ಊರಲ್ಲಿದ್ದಾನೆ, ಕಿವಿ ಮಂದವಾಗಿದೆ. ಹೋದ ವರ್ಷ ನೋಡಲು ಹೋಗಿ, ಇನ್ನೂ ಒಡೆದಿಲ್ಲ ಎಂದು ಜೋರಾಗಿ ಕೂಗಿ ಹೇಳಿದೆ. “ಒಡೀಲಿ ಅಂತ ಕಾಯ್ತಾ ಇದ್ದೀಯೇನ್ಲಾ?” ಎಂದು ಬೈದ.

ಇದನ್ನೆಲ್ಲ ಈಗ ಬರೆಯಲು ಕಾರಣ ಹೋದ ತಿಂಗಳು ಬಂದ ಒಂದು ಮೆಸೇಜು. ಬೇಗೂರಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಶಿವು ನಮ್ಮ ಗ್ರೂಪಿಗೆ ಹೊಸಬ. ನಯಾಜ್‌ನಿಂದ ಆ ಸಿ.ಡಿ. ಇಸಕೊಂಡು ಹೋಗಿದ್ದನಂತೆ. ಅವನಿಗೆ ನಾವು ಯಾರೂ ಈ ಸಂಗತಿಯ ವಿವರ ಹೇಳಿರಲಿಲ್ಲ, ನಿಮಿಷವಂತೂ ಗ್ರೂಪಿನಲ್ಲಿ ಯಾವತ್ತೂ ಬಂದಿರಲಿಲ್ಲ. ನಯಾಜ್‌ನನ್ನು ಆಣೆ ಹಾಕಿ ಕೇಳಿದ್ದೇನೆ. ಶಿವು ಬರೆದದ್ದು ಇಷ್ಟೆ: ಆಲ್ಬಮ್ ಸಖತ್ತಾಗಿದೆ, ಆದರೆ ಮೂರನೇ ಹಾಡಿನಲ್ಲಿ ಹದಿನಾಲ್ಕನೇ ನಿಮಿಷಕ್ಕೆ ಒಡೆದ ಮಡಕೆ ತಟ್ಟಿದಂಗೆ ಒಂದು ಸದ್ದಿದೆಯಲ್ಲ, ಅದು ಯಾವ ವಾದ್ಯ?

ತಕ್ಷಣ ಫೋನ್ ಮಾಡಿದೆ. ಎಲ್ಲಿ ಕೂತಿದ್ದೀಯ ಎಂದೆ. ಅಂಗಡಿಯಲ್ಲಿ ಎಂದ. ಎದ್ದು ಆ ಕಡೆ ಹೋಗಿ ನಿಲ್ಲು ಎಂದೆ. ಕುರ್ಚಿ ಎಳೆದ ಸದ್ದು ಕೇಳಿಸಿತು.

“ಎದ್ದೆ ಕಣಣ್ಣ. ಮುಂದಕ್ಕೆ?” ಎಂದು ನಕ್ಕ.

ಅವನಿಗೆ ಅಪಾಯ ತರುವಂಥದ್ದು ಅಲ್ಲಿ ಯಾವುದೆಂದು ಹೇಗೆ ಹೇಳಲಿ? ಗಾಡಿ ಎತ್ತುವ ಜಾಕೋ, ಗಾಳಿ ತುಂಬುವ ಟ್ಯಾಂಕೋ, ಗೋಡೆಯೋ? ಅವನ ಅಂಗಡಿಯಲ್ಲಿ ತಟ್ಟಿ ನೋಡಲು ಕಲ್ಲಿಲ್ಲ. ದಿನಾ ಬೆಳಿಗ್ಗೆ ಒಂದು ಸಲ ಅವನಿಗೆ ಫೋನ್ ಮಾಡುತ್ತೇನೆ. ಏನಾದರೂ ನೆಪ ಹೇಳುತ್ತೇನೆ. ಇವತ್ತಿನವರೆಗೆ ಎತ್ತಿದ್ದಾನೆ.

ಈ ಸಂಗೀತ ಕೇಳುವವರಿಗೆ ನನ್ನ ಸಲಹೆ ಇಷ್ಟು. ದುಬಾರಿ ಹೆಡ್‌ಫೋನ್ ಬೇಡ, ಎರಡು ಸಾವಿರದ್ದು ಸಾಕು. ಕೇಳಿದ ಬೆಲೆ ಕೊಡಬೇಡಿ. ಮೊದಲ ಹತ್ತು ನಿಮಿಷಕ್ಕೆ ಯಾವ ಆಲ್ಬಮ್ಮನ್ನೂ ತಳ್ಳಿಹಾಕಬೇಡಿ. ಬೇರೆಯವರಿಗೆ ಚೆನ್ನಾಗಿದೆ ಎಂದು ಹೇಳುವ ಮೊದಲು, ನಿಮ್ಮದಲ್ಲದಿದ್ದರೂ ಅದೇ ಮಾತು ಹೇಳುತ್ತಿದ್ದಿರಾ ಎಂದು ಒಂದು ಸಲ ಕೇಳಿಕೊಳ್ಳಿ. ಇನ್ನು, ಯಾವ ಹಾಡಿನಲ್ಲೇ ಆಗಲಿ, ಪಕ್ಕದವನಿಗೆ ಕೇಳಿಸದ ಒಂದು ಒಡಕು ದನಿ ನಿಮ್ಮೊಬ್ಬರಿಗೇ ಕೇಳಿಸಿದರೆ, ಅದು ಯಾವ ವಾದ್ಯ ಎಂದು ಹುಡುಕುತ್ತಾ ಕೂರಬೇಡಿ. ಎದ್ದು ಜಾಗ ಬದಲಿಸಿ. ಅದಕ್ಕೆ ದುಡ್ಡು ಬೀಳುವುದಿಲ್ಲ.