ಟ್ಯಾಂಕಿನ ಚಿತ್ತಪ್ಪ ಮೈಕು ಹಿಡಿದದ್ದು

ಹೊರಕೆರೆದೇವಪುರದ ಆಚೆಯ ಗೊಲ್ಲರಹಟ್ಟಿಯ ಚಿತ್ತಪ್ಪ ಸೈನ್ಯಕ್ಕೆ ಸೇರಿದಾಗ ಅವನಿಗೆ ಹತ್ತೊಂಬತ್ತು. ಅಶ್ವದಳ ಅಂತ ಕಾಗದ ಬಂದಿತ್ತು. ಕುರಿ ಕಾಯೋನು ಕುದುರೆ ಕಾಯಕ್ಕೆ ಹೊಂಟ ಅಂತ ಹಟ್ಟಿಯವರು ನಕ್ಕರು. ಅಲ್ಲಿ ಹೋಗಿ ನೋಡಿದರೆ ಕುದುರೆ ಹೆಸರಿಗಷ್ಟೇ ಉಳಿದಿತ್ತು, ಇದ್ದದ್ದೆಲ್ಲ ಟ್ಯಾಂಕು. ಎರಡೇ ವರ್ಷಕ್ಕೆ ಅವನು ಅದರ ಡ್ರೈವರಾದ.

ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ ಅವನ ಟ್ಯಾಂಕು ಪಶ್ಚಿಮದ ಗಡಿ ದಾಟಿ, ನೆಲಬಾಂಬು ಹೂತಿದ್ದ ಕಬ್ಬಿನ ಗದ್ದೆಗಳ ನಡುವೆ ಹನ್ನೊಂದು ದಿನ ಓಡಾಡಿತು. ಸೇಲಂ ಕಡೆಯ ದಫೇದಾರ್ ಮುತ್ತುವೇಲು ಅದರ ಮುಖ್ಯಸ್ಥ. ಅನಂತಪುರದ ಓಬುಳೇಸು ತೋಪು ಹಾರಿಸುವವನು. ಗುಂಡು ತುಂಬುತ್ತಿದ್ದವನು ಗಾಯವಾಗಿ ಆಸ್ಪತ್ರೆ ಸೇರಿದ್ದರಿಂದ ಆ ಕೆಲಸವೂ ಮುತ್ತುವೇಲುವಿನ ಪಾಲಿಗೇ ಬಿದ್ದಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಎದುರಾಳಿಯ ಗುಂಡು ಟ್ಯಾಂಕಿನ ಪಕ್ಕೆಯನ್ನೇ ಸೀಳಿತು. ಮುಂದಿನ ಬಾಗಿಲಿಂದ ಹೊರಗೆ ಬಿದ್ದ ಚಿತ್ತಪ್ಪ ತಿರುಗಿ ನೋಡಿದರೆ ಒಳಗೆಲ್ಲ ಬೆಂಕಿ. ಮೇಲೆ ಹತ್ತಿ ಓಬುಳೇಸುವಿನ ರಟ್ಟೆ ಹಿಡಿದು ಎಳೆದು, ಗದ್ದೆಯ ಬದುವಿನ ಹಿಂದೆ ಮಲಗಿಸಿ, ಮತ್ತೆ ಹತ್ತಿದ. ಮುತ್ತುವೇಲುವಿನ ಕಾಲು ಕಬ್ಬಿಣದಡಿ ಸಿಕ್ಕಿಕೊಂಡಿತ್ತು. ಅವನು ಮಾತ್ರ ಮೆಷಿನ್‌ಗನ್ ಬಿಟ್ಟಿರಲಿಲ್ಲ. ಇವರಿಬ್ಬರ ಕಡೆ ಯಾರೂ ಬರದಂತೆ ಹಾರಿಸುತ್ತಲೇ ಇದ್ದ. "ಪೋಡಾ!" ಎಂದು ಚಿತ್ತಪ್ಪನ ಎದೆಗೆ ಕೈಕೊಟ್ಟು ನೂಕಿದ. ಕಾದ ಕಬ್ಬಿಣ ಹಿಡಿದಿದ್ದ ಚಿತ್ತಪ್ಪನ ಎಡಗೈ ಚರ್ಮ ಅಲ್ಲೇ ಅಂಟಿಕೊಂಡಿತು. ಅವನು ಕೆಳಗೆ ಬಿದ್ದ ಗಳಿಗೆಯಲ್ಲೇ ಒಳಗಿದ್ದ ಮದ್ದುಗುಂಡು ಸಿಡಿದು ಎಲ್ಲ ಮುಗಿಯಿತು.

ಎಂಟು ತಿಂಗಳು ಆಸ್ಪತ್ರೆ. ಎರಡು ಬೆರಳು ಹೋದವು. ಯುದ್ಧಕ್ಕೆ ಹೋದ ಎಲ್ಲರಿಗೂ ಕೊಡುವ ಒಂದು ಪದಕ, ಓಬುಳೇಸುವನ್ನು ಉಳಿಸಿದ್ದಕ್ಕೆ ಸೇನಾ ಮೆಡಲ್ ಇನ್ನೊಂದು. ಸೈನ್ಯದಿಂದ ಬಿಡುಗಡೆಯಾಗಿ, ಅವೆರಡನ್ನೂ ಜೇಬಿನಲ್ಲಿಟ್ಟುಕೊಂಡು ಹಟ್ಟಿಗೆ ಬಂದ. ತಾಯಿ ಕಾಟಮ್ಮ ಪದಕ ಮುಟ್ಟಲಿಲ್ಲ, ಮಗನ ಕೈಯನ್ನೇ ಹಿಡಿದುಕೊಂಡು ಕೂತಳು.

ಎಪ್ಪತ್ತಮೂರರ ಗಣರಾಜ್ಯೋತ್ಸವಕ್ಕೆ ಹೊಳಲ್ಕೆರೆಯಲ್ಲಿ ಸನ್ಮಾನ ಇಟ್ಟುಕೊಂಡರು. ಸಮಿತಿಯ ಯಜಮಾನ ಮುರುಗಪ್ಪ ಮೂರು ಬಸ್ಸಿನ ಮಾಲೀಕ. ಚಿತ್ರದುರ್ಗದ ರೂಟಿನಲ್ಲಿ ಡ್ರೈವರ್ ಕೆಲಸ ಕೊಡುತ್ತೇನೆಂದು ಆಗಲೇ ಮಾತು ಕೊಟ್ಟಿದ್ದ. ವೇದಿಕೆಯ ಮೇಲೆ ಕರಪತ್ರ ಕೈಗೆ ಬಂದಾಗ ಚಿತ್ತಪ್ಪ ಓದಿಕೊಂಡ: "ಜೊತೆಗಾರರು ಹೆದರಿ ಓಡಿದರೂ ಒಬ್ಬನೇ ಕಾದಾಡಿ ನಲವತ್ತು ಶತ್ರುಗಳ ರುಂಡ ಚೆಂಡಾಡಿದ ವೀರ."

"ಯಜಮಾನ್ರೇ, ಇದು ಸುಳ್ಳು. ಯಾರೂ ಓಡಿಲ್ಲ. ನಾನು ಒಬ್ಬರನ್ನೂ ಕೊಂದಿಲ್ಲ, ಗಾಡಿ ಓಡಿಸ್ತಿದ್ದೆ ಅಷ್ಟೆ."

"ಜನಕ್ಕೆ ಹಿಂಗೆ ಹೇಳಿದ್ರೇನೇ ರುಚಿ ಕಣಪ್ಪ. ಸತ್ತೋನು ಕೇಳಕ್ಕೆ ಬತ್ತಾನಾ? ಸುಮ್ನೆ ಶಾಲು ಹೊದ್ಕ."

ಚಿತ್ತಪ್ಪ ಎದ್ದು ಹೋಗಿ ಮೈಕು ಹಿಡಿದ.

"ಈ ಕಾಗದ ನಂಬಬ್ಯಾಡ್ರಿ. ಓಡಿದೋರು ಯಾರೂ ಇಲ್ಲ. ನಾನು ಈಗ ನಿಮ್ಮ ಮುಂದೆ ನಿಂತಿರೋದು ದಫೇದಾರ್ ಮುತ್ತುವೇಲು ಸುಟ್ಟು ಸಾಯಾಗಂಟ ಗುಂಡು ಹಾರ್ಸಿದ್ದಕ್ಕೆ. ಅವರ ಹೆಸರಿಗೆ ಮಸಿ ಬಳಿದು ಕೊಡೋ ಶಾಲು ನಂಗೆ ಬ್ಯಾಡ."

ಮುರುಗಪ್ಪ ಮೈಕಿನ ತಂತಿ ಕೀಳಿಸಿದ. ಚಿತ್ತಪ್ಪ ಬರಿಗಂಟಲಲ್ಲಿ ಅದನ್ನೇ ಇನ್ನೊಂದು ಸಲ ಕೂಗಿ ಹೇಳಿ, ಕರಪತ್ರ ಹರಿದುಹಾಕಿ ಕೆಳಗಿಳಿದ.

"ಬಸ್ಸಿನ ಕೆಲಸ ಮರ್ತುಬಿಡು," ಹಿಂದಿನಿಂದ ಮುರುಗಪ್ಪ ಕೂಗಿದ.

"ಆಗ್ಲೇ ಮರ್ತೆ."

ಸನ್ಮಾನ ನೋಡಲು ಬಂದಿದ್ದ ಕಾಟಮ್ಮ ಮಗನ ಜೊತೆ ಹಟ್ಟಿಯ ದಾರಿ ಹಿಡಿದಳು. ಊರು ದಾಟಿದ ಮೇಲೆ, "ಆ ಮುತ್ತುವೇಲಿಗೆ ತಾಯಿ ಐದಾಳೇನ್ಲಾ?" ಎಂದಳು.

"ಐದಾಳವ್ವ."

"ಮತ್ತೆ ನೀನು ಹೇಳಿದ್ದು ಸರಿ ಬಿಡು."

ಮೂರು ತಿಂಗಳು ಚಿತ್ತಪ್ಪ ಕುರಿ ಹಿಂದೆ ತಿರುಗಿದ. ಆಮೇಲೆ ಲಾರಿ ಲೈಸೆನ್ಸಿಗೆಂದು ಚಿತ್ರದುರ್ಗಕ್ಕೆ ಹೋದ. ಅವನ ಎಡಗೈ ನೋಡಿದ ಇನ್‌ಸ್ಪೆಕ್ಟರು, "ಇದರಲ್ಲಿ ಗೇರ್ ಹಾಕ್ತೀಯೇನಪ್ಪ?" ಎಂದರು.

"ಹತ್ರಿ ಸಾರ್, ತೋರಿಸ್ತೀನಿ," ಎಂದವನು ಪರೀಕ್ಷೆಗೆ ನಿಲ್ಲಿಸಿದ್ದ ಲಾರಿಯನ್ನು ಹೊಳಲ್ಕೆರೆ ರಸ್ತೆಯಲ್ಲಿ ಏಳು ಮೈಲಿ ಓಡಿಸಿ, ಸಂತೆಗೆ ಬಂದ ಗಾಡಿಗಳ ನಡುವೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಇನ್‌ಸ್ಪೆಕ್ಟರು ಇಳಿದು, ಲಾರಿಯ ಬಾನೆಟ್ಟಿನ ಮೇಲೇ ಕಾಗದ ಹಾಸಿ ಸಹಿ ಹಾಕಿದರು. ಮಾರನೆಯ ವಾರದಿಂದ ಹೊಸದುರ್ಗ–ಹಿರಿಯೂರು ರಸ್ತೆಯಲ್ಲಿ ಚಿತ್ತಪ್ಪ ಸಂಬಳಕ್ಕೆ ಲಾರಿ ಓಡಿಸತೊಡಗಿದ.